ಕರ್ತೃವನ್ನು ಹುಡುಕಿಕೊಂಡು ಕಾಗವಾಡಕ್ಕೆ

ಮೊನ್ನೆ ಅಲಮಾರಿಯ ತಳದಲ್ಲಿದ್ದ ಹಳೆಯ ಕಾಗದಪತ್ರಗಳನ್ನು ಬಿಚ್ಚಿ ರದ್ದಿಗೆ ಹಾಕುತ್ತಿದ್ದೆ. ಒಳಗಿಂದ ಅಂಗೈಯಗಲದ ಒಂದು ರಟ್ಟಿನ ಕಾರ್ಡು ಜಾರಿ ಬಿತ್ತು. ನನ್ನದೇ ಅಕ್ಷರ: ‘ನನಗೆ ಹಸಿವಾಗಿದೆ. ಈ ವಾಕ್ಯದಲ್ಲಿ ಕರ್ತೃ ಯಾರು?’ ಅದರ ಕೆಳಗೆ ಕೆಂಪು ಶಾಯಿಯಲ್ಲಿ ಇನ್ನೊಬ್ಬರ ಕೈಬರಹ: ‘ಉತ್ತರ ಸಮಾಧಾನಕರವಾಗಿಲ್ಲ. ಪುನಃ ವಿಚಾರಿಸುವುದು.’ ಹಸಿದವರನ್ನು ಮುಂದೆ ಕೂರಿಸಿಕೊಂಡು ಹೀಗೆ ಪ್ರಶ್ನೆ ಕೇಳುವ ಕೆಲಸವನ್ನು ನಾನು ಎರಡು ವರ್ಷ ಮಾಡಿದ್ದೇನೆ. ಅದಕ್ಕೆ ಎಂ.ಫಿಲ್. ಎಂದು ಹೆಸರು.

ಹಾಗೆಂದು ನನ್ನನ್ನು ವ್ಯಾಕರಣದ ಪಂಡಿತೆ ಎಂದುಕೊಳ್ಳಬೇಡಿ. ನಾನು ಹಾರೂಗೇರಿಯವಳು. ನಮ್ಮ ಮನೆಯಲ್ಲಿ ಕರ್ತೃ ಎಂಬುದು ಇರಲೇ ಇಲ್ಲ. ಕಪ್ಪುಬಸಿಗಳು ತಾವಾಗಿಯೇ ಒಡೆಯುತ್ತಿದ್ದವು. ಹಾಲು ತಾನಾಗಿ ಉಕ್ಕುತ್ತಿತ್ತು. ಬಸ್ಸು ತಾನಾಗಿ ತಪ್ಪುತ್ತಿತ್ತು. ಅಪ್ಪನನ್ನು ರಾಯಬಾಗದ ಸಂತೆಗೆ ಕಳಿಸಿದರೆ ಖಾಲಿ ಚೀಲವನ್ನು ಅಚ್ಚುಕಟ್ಟಾಗಿ ಮಡಚಿಕೊಂಡು ಬಂದು, “ಮರತ ಹೋತು” ಎನ್ನುತ್ತಿದ್ದ. ಮರೆತವರು ಯಾರು ಎಂದು ಕೇಳುವಂತಿರಲಿಲ್ಲ. ಮರೆವು ಎಂಬುದೇನೋ ದಾರಿಯಲ್ಲಿ ಎದುರಾಗಿ ತನ್ನ ಪಾಡಿಗೆ ಹೊರಟುಹೋಗಿದೆ, ಪಾಪ, ಅಪ್ಪ ಪಕ್ಕದಲ್ಲಿ ಸುಮ್ಮನೆ ನಿಂತಿದ್ದಾನೆ. ಅವ್ವ ಒಲೆಯ ಮುಂದಿನಿಂದಲೇ ಹೇಳುತ್ತಿದ್ದಳು: “ಈ ಮನ್ಯಾಗ ಎಲ್ಲಾ ಆಗತಾವ. ಮಾಡವ್ರು ಮಾತ್ರ ಯಾರೂ ಇಲ್ಲ.”

ಏಳನೇ ಇಯತ್ತೆಯಲ್ಲಿ ವ್ಯಾಕರಣ ಕಲಿಸುವ ಮಾಸ್ತರರು ಬಂದು, ಕೆಲಸ ಮಾಡುವವನೇ ಕರ್ತೃ ಎಂದು ಹಲಗೆಯ ಮೇಲೆ ಬರೆದರು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಶಾಂತಾ ಎದ್ದು ನಿಂತು, “ಹಂಗಂದ್ರ ಸರ್, ನಮ್ಮನ್ಯಾಗ ನಮ್ಮವ್ವ ಒಬ್ಬಾಕಿನ ಕರ್ತೃ” ಎಂದಳು. ಮಾಸ್ತರರು ಅದನ್ನು ಸಹಿಸಿಕೊಂಡರು. ನಾನು ಸುಮ್ಮನಿರಬೇಕಿತ್ತು. “ಸರ್, ‘ಗಡಿಗೆ ಒಡೆಯಿತು’ ಅಂತ ಬರದೀರಿ. ಗಡಿಗಿ ಏನ ಕೆಲಸಾ ಮಾಡಿತ್ರಿ?” ಎಂದು ಕೇಳಿದೆ. ನಮ್ಮಿಬ್ಬರನ್ನೂ ಬೆಂಚಿನ ಮೇಲೆ ನಿಲ್ಲಿಸಲಾಯಿತು. ಯಾರು ನಿಲ್ಲಿಸಿದರು ಎಂದು ಈ ವಾಕ್ಯ ಹೇಳುವುದಿಲ್ಲ. ಮುಂದೆ ದೊಡ್ಡವಳಾಗಿ ಸರಕಾರಿ ಪತ್ರಗಳನ್ನು ಓದತೊಡಗಿದಾಗ, ಇಡೀ ರಾಜ್ಯ ಹೀಗೆ ಕರ್ತೃವಿಲ್ಲದೆಯೇ ಸೊಗಸಾಗಿ ನಡೆಯುತ್ತಿದೆ ಎಂಬುದು ತಿಳಿಯಿತು.

ಎಂಬತ್ತರ ದಶಕದ ಕೊನೆಗೆ ನಾನು ಅಥಣಿಯ ಒಂದು ಕಾಲೇಜಿನಲ್ಲಿ ತಾತ್ಪೂರ್ತಿಕ, ಅಂದರೆ ಹಂಗಾಮಿ, ಅಧ್ಯಾಪಕಿಯಾಗಿದ್ದೆ. ‘ಎಂ.ಫಿಲ್. ಆದರೆ ಕಾಯಂ ಆಗುತ್ತದೆ’ ಎಂದು ಪ್ರಾಚಾರ್ಯರು ಹೇಳಿದ್ದರು. ಯಾರು ಕಾಯಂ ಮಾಡುತ್ತಾರೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಧಾರವಾಡದಲ್ಲಿ ಒಬ್ಬರು ಗೈಡ್ ಸಿಕ್ಕರು. ಜಗತ್ತಿನ ಎಲ್ಲ ಭಾಷೆಗಳಿಗೂ ಹೊಂದುವಂಥ ಕರ್ತೃವಿನ ವ್ಯಾಖ್ಯೆಯೊಂದನ್ನು ತಯಾರಿಸುವುದು ಅವರ ಜೀವನದ ಗುರಿಯಾಗಿತ್ತು. ಅವರ ಹತ್ತಿರ ಕರ್ತೃವಿಗೆ ಇರಬೇಕಾದ ಲಕ್ಷಣಗಳ ಒಂದು ಉದ್ದನೆಯ ಪಟ್ಟಿಯಿತ್ತು: ವಾಕ್ಯದ ಮೊದಲಿಗೆ ಬರಬೇಕು, ಕೆಲಸ ಮಾಡಬೇಕು, ಪ್ರಥಮಾ ವಿಭಕ್ತಿಯಲ್ಲಿರಬೇಕು, ಕ್ರಿಯಾಪದ ಅದರ ಮಾತು ಕೇಳಬೇಕು, ಹೀಗೆ. ವರ ನೋಡಲು ಹೊರಟ ನಮ್ಮ ಮಾವಂದಿರ ಪಟ್ಟಿಯೂ ಹೀಗೆಯೇ ಇತ್ತು. ಎಲ್ಲ ಲಕ್ಷಣಗಳೂ ಇರುವವನು ಅವರಿಗೂ ಸಿಗಲಿಲ್ಲ.

ತೊಂದರೆ ಏನೆಂದರೆ, ಒಂದೊಂದು ಭಾಷೆಯೂ ಕರ್ತೃವನ್ನು ಒಂದೊಂದು ರೀತಿ ನಡೆಸಿಕೊಳ್ಳುತ್ತದೆ. ಇಂಗ್ಲಿಷಿಗೆ ಕರ್ತೃವಿಲ್ಲದೆ ಮಳೆಯೂ ಬರುವುದಿಲ್ಲ, ‘ಇಟ್’ ಎಂಬ ಯಾರೂ ನೋಡಿರದ ಒಬ್ಬರನ್ನು ಬಾಗಿಲಲ್ಲಿ ನಿಲ್ಲಿಸಿಯೇ ಮಳೆ ಸುರಿಸುತ್ತಾರೆ. ಕನ್ನಡದಲ್ಲಿ ಕರ್ತೃ ಮನೆಯೊಳಗೆ ಕೂತರೂ ನಡೆಯುತ್ತದೆ, ಕ್ರಿಯಾಪದ ಅವನ ಗುರುತನ್ನು ಬಾಲದಲ್ಲಿ ಕಟ್ಟಿಕೊಂಡು ಓಡಾಡುತ್ತದೆ. ‘ಬಂದೆ’ ಎಂದರೆ ನಾನು, ‘ಬಂದಳು’ ಎಂದರೆ ಅವಳು. ಮರಾಠಿಯದು ಬೇರೆಯೇ ನ್ಯಾಯ. ‘ಗೋಪಾಳಾನೇ ಆಂಬಾ ಖಾಲ್ಲಾ’, ಗೋಪಾಳ ಮಾವಿನಹಣ್ಣು ತಿಂದ. ‘ಗೋಪಾಳಾನೇ ಭಾಕರೀ ಖಾಲ್ಲೀ’, ಗೋಪಾಳ ಭಕ್ಕರಿ, ಅಂದರೆ ರೊಟ್ಟಿ, ತಿಂದ. ತಿಂದವನು ಒಬ್ಬನೇ ಗೋಪಾಳ, ಆದರೆ ಕ್ರಿಯಾಪದ ಅವನ ಮುಖವನ್ನೂ ನೋಡದೆ ಗಂಡಾದ ಮಾವಿನಹಣ್ಣನ್ನೂ ಹೆಣ್ಣಾದ ಭಕ್ಕರಿಯನ್ನೂ ನೋಡಿ ರೂಪ ಬದಲಿಸುತ್ತದೆ. ತಿಂದವರಿಗಿಂತ ತಿನ್ನಿಸಿಕೊಂಡದ್ದಕ್ಕೆ ಹೆಚ್ಚು ಮರ್ಯಾದೆ. ಇನ್ನು ಫಿಲಿಪೈನ್ಸಿನ ಕಡೆಯ ಒಂದು ಭಾಷೆಯಲ್ಲಿ ಕರ್ತೃ ಇದ್ದಾನೋ ಇಲ್ಲವೋ ಎಂದೇ ಪಂಡಿತರು ಜಗಳಾಡುತ್ತಾರೆ ಎಂದು ಗೈಡ್ ಹೇಳಿದಾಗ, ನನಗೆ ಹಾರೂಗೇರಿಯ ನಮ್ಮ ಮನೆಯೇ ಕಣ್ಣಮುಂದೆ ಬಂತು.

ಕನ್ನಡವನ್ನೂ ಮರಾಠಿಯನ್ನೂ ಹುಟ್ಟಿನಿಂದ ಆಡುವ, ಶಾಲೆಯ ವ್ಯಾಕರಣದಿಂದ ಕೆಡದಿರುವ ಒಬ್ಬ ಮಾತುಗಾರರನ್ನು ಹಿಡಿದು, ನೂರಾರು ವಾಕ್ಯಗಳನ್ನು ಎರಡೂ ಭಾಷೆಗಳಲ್ಲಿ ಹೇಳಿಸಿಕೊಂಡು ಬರಬೇಕೆಂದು ಅಪ್ಪಣೆಯಾಯಿತು. ನನ್ನ ವಿದ್ಯಾರ್ಥಿನಿಯೊಬ್ಬಳು ಕಾಗವಾಡದವಳು. ತಮ್ಮ ಓಣಿಯ ಅಕ್ಕಾತಾಯಿ ಎಂಬ ಹಿರಿಯರ ಹೆಸರು ಹೇಳಿದಳು. ಊರೆಲ್ಲ ಅವರನ್ನು ಅಜ್ಜಿ ಎಂಬ ಅರ್ಥದಲ್ಲಿ ಆಯಿ ಎನ್ನುತ್ತಿತ್ತು. ಎಪ್ಪತ್ತರ ಹತ್ತಿರದ ವಯಸ್ಸು, ಒಕ್ಕಲುತನದ ಜೈನ ಮನೆ, ಹಿಂದೆ ಕಬ್ಬು, ಮುಂದೆ ದ್ರಾಕ್ಷಿ. ಎತ್ತುಗಳ ಜೊತೆ ಮತ್ತು ಮಗನ ಜೊತೆ ಕನ್ನಡ, ಸಾಂಗ್ಲಿಯ ನೆಂಟರ ಜೊತೆ ಮರಾಠಿ. ಗಂಡ ತೀರಿದ ಮೇಲೆ ವ್ರತ ಹಿಡಿದಿದ್ದರು. ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯುತ್ತಿರಲಿಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುತ್ತಿರಲಿಲ್ಲ. ಇರುವೆಗೆ ನೋವಾಗದಂತೆ ಕಸ ಗುಡಿಸುತ್ತಿದ್ದರು. ಆ ಮನೆಯ ಇರುವೆಗಳಿಗೆ ಇದ್ದ ಭರವಸೆ ನನ್ನಂಥ ತಾತ್ಪೂರ್ತಿಕರಿಗೆ ಇರಲಿಲ್ಲ. ಊರಿನ ಜೈನಗುಡಿಯಾದ ಬಸ್ತಿಯಲ್ಲಿ ಹೆಂಗಸರೆಲ್ಲ ಅವರ ಕಾಲು ಮುಟ್ಟಿ ನಮಸ್ಕರಿಸುತ್ತಿದ್ದರು.

ಮೊದಲ ದಿನ ನಾನು ಕಾರ್ಡುಗಳ ಕಟ್ಟು ಬಿಚ್ಚುವ ಮೊದಲೇ ಆಯಿ ಪ್ರಶ್ನೆ ಶುರುಮಾಡಿದರು.

“ಲಗ್ನ ಆಗೇತೇನವಾ?”

“ಇಲ್ರಿ ಆಯಿ.”

“ಯಾಕ?”

“ಆಗಿಲ್ರಿ.”

ನಮ್ಮ ಕಡೆ ಯಾರೂ ಮದುವೆ ಮಾಡಿಕೊಳ್ಳುವುದಿಲ್ಲ, ಎಲ್ಲರಿಗೂ ಅದು ಆಗುತ್ತದೆ, ಇಲ್ಲವೆ ಆಗುವುದಿಲ್ಲ. ಹಾಗಾಗಿ ಆ ಉತ್ತರ ಅವರಿಗೆ ಸಮಾಧಾನಕರವಾಗಿಯೇ ಇತ್ತು. ನಾನೂ ಸುಮ್ಮನೆ, “ಮನ್ಯಾಗ ಸೊಸಿ ಇಲ್ಲೇನ್ರಿ?” ಎಂದೆ. ಗೋಡೆಯ ಪಕ್ಕದಲ್ಲಿ ಖಾಲಿ ತೊಟ್ಟಿಲನ್ನು ಮಡಚಿ ಇಟ್ಟಿದ್ದರು.

“ಸುರೇಖಾ ಅಂತ. ನಿಪ್ಪಾಣಿಯಾಕಿ. ಹೋಗ್ಯಾಳ.”

“ಯಾವಾಗ ಬರ್ತಾರ್ರಿ?”

“ಮೂರ ವರ್ಷ ಆತು” ಎಂದು ಆಯಿ ಎದ್ದು ಒಳಗೆ ಹೋದರು.

ಅವರ ಮಗ ಪಾರಿಸ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ಒಳ್ಳೆಯ ಮನುಷ್ಯ, ಒಳ್ಳೆಯತನವೂ ಅವನಿಗೆ ತಾನಾಗಿ ಆಗಿದ್ದು. ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋಗಿ ಮೂರು ವರ್ಷವಾದದ್ದರ ಬಗ್ಗೆ ಅವನ ಅಭಿಪ್ರಾಯ ಇಷ್ಟೇ ಇತ್ತು: “ನನಗಂತೂ ಏನೂ ತಿಳೀವಲ್ದು ನೋಡ್ರಿ.”

ಕೆಲಸ ಚೆನ್ನಾಗಿಯೇ ನಡೆಯಿತು. ಶನಿವಾರ ಅಥಣಿಯಿಂದ ಬಸ್ಸು ಹಿಡಿದು ಬರುವುದು, ವಿದ್ಯಾರ್ಥಿನಿಯ ಮನೆಯಲ್ಲಿ ಉಳಿಯುವುದು, ರವಿವಾರ ಮಧ್ಯಾಹ್ನದವರೆಗೆ ಆಯಿಯನ್ನು ಪೀಡಿಸುವುದು. ಹಸಿವಿನ ಕಾರ್ಡು ತೋರಿಸಿ, “ಇದರಾಗ ಕರ್ತೃ ಯಾರ್ರಿ? ಹಸಿವೋ, ನೀವೋ?” ಎಂದು ಕೇಳಿದೆ. “ಹಸುವು ನಂದು. ಕರ್ತೃ ಯಾರಂತ ನೀನ ಹುಡುಕು, ನಾ ಊಟಾ ಮಾಡ್ತೀನಿ” ಎಂದರು. ಇದನ್ನೇ ಗೈಡ್ ಸಮಾಧಾನಕರವಲ್ಲ ಎಂದದ್ದು.

ಕಗ್ಗಂಟಾದದ್ದು ಇಪ್ಪತ್ತನೆಯದೋ ಏನೋ ಒಂದು ಕಾರ್ಡಿನಲ್ಲಿ. ‘ಅವನು ಹಾವನ್ನು ಕೊಂದನು.’ ವ್ಯಾಕರಣದವರಿಗೆ ಕೊಲೆ ಬಹಳ ಪ್ರೀತಿ. ಕೊಲ್ಲುವವನು ಬೇರೆ, ಸಾಯುವುದು ಬೇರೆ, ಆದ್ದರಿಂದ ಕರ್ತೃ ಕರ್ಮ ಎರಡೂ ಸ್ವಚ್ಛವಾಗಿ ಕಾಣುತ್ತವಂತೆ. ಆಯಿ ಕೇಳಿಸಿಕೊಂಡು ತಲೆ ಅಲ್ಲಾಡಿಸಿದರು.

“ಇದನ್ನ ನಾ ಅನ್ನೂದಿಲ್ಲ.”

“ನೀವು ಮಾಡೂದ ಬ್ಯಾಡ್ರಿ ಆಯಿ. ಬರೇ ಮರಾಠಿಯೊಳಗ ಹೆಂಗಂತೀರಿ ಅಂತ ಹೇಳ್ರಿ ಸಾಕು.”

“ಅಂದ್ರೂ ಬಾಯಾಗ ಬರತೈತಲ್ಲ. ಕಬ್ಬು ಕಡದಾ ಅಂತ ಬರಕೋ.”

ನಾನು ಕಬ್ಬು ಕಡಿದದ್ದನ್ನು ಬರೆದುಕೊಂಡು ಧಾರವಾಡಕ್ಕೆ ಕಳಿಸಿದೆ. ವಾರದಲ್ಲಿ ಕೆಂಪು ಶಾಯಿಯ ಪತ್ರ ಬಂತು. ‘ಕೊಲ್ಲು’ ಧಾತುವಿನ ರೂಪಗಳಿಲ್ಲದೆ ಮೂರನೆಯ ಅಧ್ಯಾಯವನ್ನು ಸ್ವೀಕರಿಸಲಾಗುವುದಿಲ್ಲ. ಪ್ರಬಂಧ ಸಲ್ಲಿಸುವ ಗಡುವು ದೀಪಾವಳಿಯ ಆಚೆಗೇ ನಿಂತಿತ್ತು. ಮುಂದಿನ ರವಿವಾರ ನಾನು ಹೊಸ ಉಪಾಯ ಮಾಡಿದೆ. ಕರ್ತೃವನ್ನೇ ತೆಗೆದುಬಿಟ್ಟರೆ ಪಾಪವೂ ಹೋದೀತು ಎಂದುಕೊಂಡು, “‘ಹಾವು ಕೊಲ್ಲಲ್ಪಟ್ಟಿತು’ ಅಂದ್ರ ನಡೀತೈತೇನ್ರಿ?” ಎಂದೆ.

ಆಯಿ ಮೊದಲ ಸಲ ನಕ್ಕರು. “ಇದು ಯಾವೂರ ಭಾಷಾ?”

“ಪುಸ್ತಕದ್ರಿ.”

“ಪುಸ್ತಕದಾಗಿನ ಹಾವು ಹಂಗ ಸಾಯ್ತಾವೇನು? ಒಬ್ಬರೂ ಹೊಡೀದ?”

ನಾನೂ ನಕ್ಕೆ. ಆದರೆ ಗಡುವು ನಗಲಿಲ್ಲ. ಪತ್ರದ ಕೊನೆಗೆ ಗೈಡ್ ಇನ್ನೊಂದು ದಾರಿ ಬರೆದಿದ್ದರು. ಮಾತುಗಾರರಿಗೆ ವಾಕ್ಯ ಕೊಡುವ ಬದಲು ಚಿತ್ರ ತೋರಿಸಿ, ಏನಾಯಿತು ಎಂದು ಕೇಳಬೇಕು. ವಾಕ್ಯ ತಾನಾಗಿ ಬರುತ್ತದೆ. ಹಾಗಾಗಿ ನಾನೇ ಒಂದು ಚಿತ್ರ ಬಿಡಿಸಿದೆ. ನೆಲದ ಮೇಲೆ ಸತ್ತ ಹಾವು, ಪಕ್ಕದಲ್ಲಿ ಧೋತರ ಉಟ್ಟು ಬಡಿಗೆ ಹಿಡಿದು ನಿಂತ ಒಬ್ಬ ಗಂಡಸು. ಚಿತ್ರಕಲೆಯಲ್ಲಿ ನನಗೆ ಬಾಲ್ಯದಿಂದಲೂ ಒಂದು ವಿಶೇಷ ಶಕ್ತಿ ಇದೆ, ನಾನು ಏನು ಬಿಡಿಸಿದರೂ ಅದು ಬೇರೆ ಏನೋ ಆಗುತ್ತದೆ. ಧೋತರದ ನೆರಿಗೆ ಸರಿಹೋಗಲಿಲ್ಲವೆಂದು ತಿದ್ದುತ್ತಾ ಹೋದೆ, ಅದು ಸೀರೆಯಾಯಿತು. ರುಮಾಲು ತುರುಬಾಯಿತು. ಇರಲಿ, ಕರ್ತೃ ಹೆಣ್ಣಾದರೇನು ಎಂದು ಹಾಗೆಯೇ ಬಿಟ್ಟೆ.

ಶ್ರಾವಣದ ಒಂದು ಮಧ್ಯಾಹ್ನ. ಪಾರಿಸ ತೋಟಕ್ಕೆ ಹೋಗಿದ್ದ. ಆಯಿ ಕಾಳು ಆರಿಸುತ್ತಿದ್ದರು. ಚಿತ್ರವನ್ನು ಅವರ ಮುಂದೆ ಹಿಡಿದು, “ಇಲ್ಲಿ ಏನಾಗೇತಿ ಹೇಳ್ರಿ ಆಯಿ” ಎಂದೆ.

ಅವರು ಕನ್ನಡಕ ಹಾಕಿಕೊಂಡು ನೋಡಿದರು. ಕನ್ನಡಕ ತೆಗೆದರು. ಮತ್ತೆ ಹಾಕಿಕೊಂಡರು. ಮೊರವನ್ನು ಪಕ್ಕಕ್ಕೆ ಸರಿಸಿ, ನನ್ನನ್ನೇ ನೋಡುತ್ತಾ ಕೇಳಿದರು: “ನಿನಗ ಯಾರ ಹೇಳಿದ್ರು?”

“ಏನನ್ನರಿ?”

“ಇದನ್ನ.”

“ಯಾರೂ ಹೇಳಿಲ್ರಿ. ನಾನ ಬಿಡಿಸೀನಿ. ಅದು ಗಂಡಸು.”

ನನ್ನ ಚಿತ್ರಕಲೆಯ ಬಗೆಗಿನ ಈ ತಪ್ಪೊಪ್ಪಿಗೆಯನ್ನು ಅವರು ನಂಬಲಿಲ್ಲ.  ಆಮೇಲೆ, ಯಾರೋ ಬಾಗಿಲಲ್ಲಿ ನಿಂತಿದ್ದಾರೇನೋ ಎನ್ನುವಂತೆ ಒಮ್ಮೆ ಆ ಕಡೆ ನೋಡಿ, ಹೇಳತೊಡಗಿದರು.

ಮೂರು ವರ್ಷದ ಹಿಂದೆ ಅದೇ ಪಡಸಾಲೆಯಲ್ಲಿ ತೊಟ್ಟಿಲು ಕಟ್ಟಿತ್ತು. ಮೊಮ್ಮಗಳಿಗೆ ಆಗ ಎಂಟು ತಿಂಗಳು. ಸುರೇಖಾ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಆಯಿ ಒಬ್ಬರೇ ಒಳಗಿದ್ದಾಗ ತೊಟ್ಟಿಲ ಕೆಳಗೆ ಹಾವು ಕಂಡಿತು. ಬಟ್ಟೆ ಒಣಗಿಸುವ ಬಡಿಗೆ ಕೈಗೆ ಸಿಕ್ಕಿತು. ಅದನ್ನು ಹಿಡಿದೇ ನಿಂತಿದ್ದಾಗ ಸುರೇಖಾ ಓಡಿಬಂದು ಆ ಬಡಿಗೆಯನ್ನು ಅತ್ತೆಯ ಕೈಯಿಂದ ತೆಗೆದುಕೊಂಡಳು. ಅಷ್ಟರಲ್ಲಿ ಪಾರಿಸ ಬಂದ, ಓಣಿಯವರು ಬಂದರು. ಏನಾಯಿತೆಂದು ಎಲ್ಲರೂ ಕೇಳಿದರು.

“ನಾ ಅಂದೆ, ‘ಹಾವು ಸತ್ತೈತಿ’ ಅಂತ. ಅಷ್ಟ ಅಂದೆ. ಎಲ್ಲಾರೂ ಬಡಗಿ ನೋಡಿದ್ರು. ಬಡಗಿ ಆಕಿ ಕೈಯಾಗಿತ್ತು.”

ಯಾರೂ ಸುಳ್ಳು ಹೇಳಲಿಲ್ಲ. ಹಾವು ಸತ್ತದ್ದು ನಿಜ. ಕರ್ತೃವನ್ನು ಮಾತ್ರ ಊರು ತಾನೇ ತುಂಬಿಕೊಂಡಿತು. ವ್ರತ ಹಿಡಿದ ಆಯಿಯ ಮನೆಯಲ್ಲಿ ಸೊಸೆ ಹಿಂಸೆ ಮಾಡಿದಳು ಎಂದು ಬಸ್ತಿಯವರೆಗೂ ಮಾತು ಹೋಯಿತು. ಹೆಂಗಸರು ಸುರೇಖಾಳ ಕೈಯ ನೀರು ಬೇಡವೆನ್ನತೊಡಗಿದರು. ನಾಲ್ಕನೆಯ ದಿನ ಸೊಸೆ ಹೋದಳು. ಆಯಿ ಪ್ರತಿ ದಿನ, ಇವತ್ತು ಹೇಳೋಣ ಎಂದುಕೊಂಡರಂತೆ. “ಆಗಲಿಲ್ಲ” ಎಂದರು. ಸ್ವಲ್ಪ ತಡೆದು, “ನಾ ಹೇಳಲಿಲ್ಲ” ಎಂದು ತಿದ್ದಿಕೊಂಡರು. “ಕಾಲಿಗೆ ಬೀಳವ್ರ ಮುಂದ ಹೆಂಗ ಹೇಳಲಿ? ಆ ಹಾವು ನಾ ಕೊಂದೀನಿ. ಒಂದ ಏಟಿಗೆ ಸಾಯಲಿಲ್ಲ. ನಾಕ ಏಟು ಹೊಡದೀನಿ.”

ಈಗ ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಆ ಹೊತ್ತಿನಲ್ಲಿ ನಾನು ಅವರ ಕೈ ಹಿಡಿಯಲಿಲ್ಲ, ಸಮಾಧಾನ ಹೇಳಲಿಲ್ಲ. ನನ್ನ ಬಲಗೈ ಕಾರ್ಡಿನ ಮೇಲೆ ಬರೆಯುತ್ತಿತ್ತು: ಕರ್ಮ ಮೊದಲು, ಕರ್ತೃ ನಡುವೆ, ಕ್ರಿಯಾಪದದಲ್ಲಿ ಉತ್ತಮಪುರುಷ ಏಕವಚನ. ಎರಡು ತಿಂಗಳು ಹುಡುಕಿದ ವಾಕ್ಯ ಕೊನೆಗೂ ಸಿಕ್ಕಿತ್ತು.

“ಬರಕೊಂಡ್ಯಾ?” ಎಂದರು ಆಯಿ.

“ಹೂಂ ರಿ.”

“ಮಾಸ್ತರ ಪಾಸ್ ಮಾಡ್ತಾನೇನು?”

ನಾನು ಕಾರ್ಡನ್ನು ಹರಿದು ಕೈಯಲ್ಲೇ ಮುದ್ದೆ ಮಾಡಿದೆ. ಅವರು ಬೇಡವೆನ್ನಲಿಲ್ಲ. “ಬರೂ ರವಿವಾರ ನನ್ನ ನಿಪ್ಪಾಣಿಗೆ ಕರಕೊಂಡ ಹೋಗ್ತೀಯೇನು? ಪಾರಿಸಗ ಹೇಳಿದ್ರ ಅಂವಗ ಏನೂ ತಿಳಿಯೂದಿಲ್ಲ” ಎಂದರು.

ಹೋದೆವು. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಬೇಕು. ದಾರಿಯುದ್ದಕ್ಕೂ ಆಯಿ ಸೋಸಿದ ನೀರಿನ ತಂಬಿಗೆಯನ್ನು ತೊಡೆಯ ಮೇಲೆ ಹಿಡಿದುಕೊಂಡೇ ಕೂತಿದ್ದರು. ನಿಪ್ಪಾಣಿಯ ಗಲ್ಲಿಗಳಲ್ಲಿ ತಂಬಾಕಿನ ಘಾಟು. ಸುರೇಖಾಳ ತವರಿನಲ್ಲಿ ಮಾತೆಲ್ಲ ಮರಾಠಿ. ಅವಳ ತಾಯಿ ಬಾಗಿಲು ತೆರೆದರು, ಒಳಗೆ ಬನ್ನಿ ಎನ್ನಬೇಕೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿ, ಕೊನೆಗೆ ಚಾಪೆ ಹಾಸಿದರು. ಸುರೇಖಾ ಹೊಲಿಗೆ ಯಂತ್ರದ ಮುಂದೆ ಕೂತಿದ್ದವಳು ಪೆಡಲು ನಿಲ್ಲಿಸಿದಳು, ಏಳಲಿಲ್ಲ. ಮೂಗಿನ ಮೇಲೆ ಸಿಟ್ಟಿದ್ದ ಮೂವತ್ತರೊಳಗಿನ ಹೆಣ್ಣುಮಗಳು. ಅವಳ ಮಗಳು ಯಂತ್ರದ ಕೆಳಗೆ ಬಟ್ಟೆಚೂರುಗಳನ್ನು ಗುಡ್ಡೆ ಹಾಕಿಕೊಂಡು ಆಡುತ್ತಿತ್ತು. ಅಜ್ಜಿಯ ಗುರುತು ಅದಕ್ಕೆ ಇರಲಿಲ್ಲ.

ಆಯಿ ಬೀಗತಿಯ ಕಡೆ ತಿರುಗಿ ಮರಾಠಿಯಲ್ಲಿ, “ಸಾಪ ತಿನಂ ಮಾರಲಾ ನಾಹೀ” ಎಂದರು. ಹಾವನ್ನು ಅವಳು ಕೊಲ್ಲಲಿಲ್ಲ ಎಂದರ್ಥ.

“ಮಗ ಕುಣೀ ಮಾರಲಾ?” ಎಂದರು ತಾಯಿ. ಹಾಗಾದರೆ ಯಾರು ಕೊಂದದ್ದು?

ಆಯಿಯ ತುಟಿ ಅಲುಗಿತು. “ಮಾರಲಾ ಗೇಲಾ” ಎಂದರು. ಕೊಲ್ಲಲ್ಪಟ್ಟಿತು. ಪುಸ್ತಕದ ಭಾಷೆಯನ್ನು ನೋಡಿ ನಕ್ಕಿದ್ದ ಮುದುಕಿ, ಸಮಯ ಬಂದಾಗ ಮರಾಠಿಯಲ್ಲಿ ಅದನ್ನೇ ಹುಡುಕಿ ತೆಗೆದಿದ್ದರು. ಅವಳು ಕೊಂದರೂ ಮಾರಲಾ, ಇವರು ಕೊಂದರೂ ಮಾರಲಾ. ಆ ಕ್ರಿಯಾಪದ ಸತ್ತ ಹಾವನ್ನು ನೋಡುತ್ತದೆಯೇ ಹೊರತು ಹೊಡೆದವರ ಮುಖ ನೋಡುವುದಿಲ್ಲ. ನಾನು ಇದನ್ನು ಮೂರನೆಯ ಅಧ್ಯಾಯದಲ್ಲಿ ಎಂಟು ಪುಟ ಬರೆದಿದ್ದೆ. ಉಪಯೋಗ ಏನೆಂದು ಅಲ್ಲಿ ಗೊತ್ತಾಯಿತು.

“ಅತ್ತಿ” ಎಂದಳು ಸುರೇಖಾ, ಯಂತ್ರದ ಹಿಂದಿನಿಂದಲೇ. “ಕನ್ನಡದಾಗ ಹೇಳ್ರಿ.”

ಆಯಿ ಅವಳ ಕಡೆ ತಿರುಗಿದರು. “ಕೊಂದೀನಿ” ಎಂದರು. “ನಾನ ಕೊಂದೀನಿ ಸುರೇಖಾ.”

ತಾಯಿ ಬಾಯಿಗೆ ಸೆರಗು ಇಟ್ಟುಕೊಂಡರು. ಸುರೇಖಾ ಅಳಲಿಲ್ಲ. ಸೂಜಿಯಿಂದ ದಾರ ಬಿಡಿಸುತ್ತಾ ಹೇಳಿದಳು: “ನನಗ ಯಾಕ ಹೇಳಾಕ ಬಂದೀರಿ? ನನಗ ಗೊತ್ತೈತಿ. ಬಡಗಿ ನಿಮ್ಮ ಕೈಯಾಗಿಂದ ತಗೊಂಡಾಕಿ ನಾನ ಅಲ್ಲೇನು? ಗೊತ್ತಿಲ್ಲದವರಿಗೆ ಹೇಳ್ರಿ.”

“ಆವತ್ತ ನೀ ಯಾಕ ಸುಮ್ಮಿದ್ದಿ?”

“ನೀವು ಸಂಜಿಕ ಹೇಳ್ತೀರಿ ಅಂತ ಕಾದೆ. ಮರುದಿನಾ ಕಾದೆ. ನಿಮ್ಮ ಮಗ ‘ನೀ ಮಾಡಿದ್ಯೇನು’ ಅಂತ ಕೇಳಲಿಲ್ಲ, ‘ಯಾಕ ಮಾಡಿದಿ’ ಅಂತ ಕೇಳಿದ್ರು. ಅವತ್ತ ಚೀಲಾ ಕಟ್ಟಿದೆ.” ಅವಳು ತಲೆಯೆತ್ತಿದಳು. “ಊರಾಗ ನನ್ನ ಕಳಿಸ್ಯಾರ ಅಂತ ಮಾತಾಡ್ತಾರಂತ. ನನ್ನ ಯಾರೂ ಕಳಿಸಿಲ್ಲ. ನಾ ಬಂದೀನಿ.”

ನನಗೆ ಚಹಾ ಕೊಟ್ಟರು, ಆಯಿಗೆ ಕಾಯಿಸಿದ ನೀರು. ಅದಕ್ಕಿಂತ ಹೆಚ್ಚಿನದೇನೂ ಆ ದಿನ ಸಿಗಲಿಲ್ಲ.

ಭಾದ್ರಪದ ಬಂತು. ಬಸ್ತಿಯಲ್ಲಿ ಹತ್ತು ದಿನದ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಾಣಿ. ಅಂದು ಎಲ್ಲರೂ ಎಲ್ಲರಲ್ಲಿಯೂ ಕ್ಷಮೆ ಕೇಳುತ್ತಾರೆ. ಬಹಳ ಒಳ್ಳೆಯ ಪದ್ಧತಿ, ಅದನ್ನು ಜನ ಇನ್ನೂ ಸುಲಭ ಮಾಡಿಕೊಂಡಿದ್ದಾರೆ. ‘ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ’ ಎಂದು ಕೈಮುಗಿದರಾಯಿತು. ತಪ್ಪಾಗಿದ್ದರೆ. ಆಗಿದೆಯೋ ಇಲ್ಲವೋ, ಮಾಡಿದವರು ಯಾರೋ, ಏನೋ. ಹಾರೂಗೇರಿಯ ನಮ್ಮ ಅಪ್ಪ ಅಲ್ಲಿ ಇದ್ದಿದ್ದರೆ ಬಹಳ ನೆಮ್ಮದಿಯಾಗಿ ಕ್ಷಮೆ ಕೇಳುತ್ತಿದ್ದ.

ಆಯಿ ನನ್ನನ್ನು ಕರೆಸಿದ್ದರು. ಬೆಳಗಿನ ಪೂಜೆ ಮುಗಿದು ಜನ ಪರಸ್ಪರ ಕೈಮುಗಿಯಲು ಶುರುಮಾಡುವ ಹೊತ್ತಿಗೆ ಹೆಂಗಸರ ಸಾಲಿನಿಂದ ಅವರು ಎದ್ದು ನಿಂತರು. “ನನಗೊಂದ ಮಾತ ಹೇಳೂದೈತಿ” ಎಂದರು. ಎಲ್ಲರೂ ಉಪದೇಶ ಬರುತ್ತದೆಂದು ಭಕ್ತಿಯಿಂದ ತಿರುಗಿದರು.

“ಮೂರ ವರ್ಷದ ಹಿಂದ ನಮ್ಮ ಮನ್ಯಾಗ ಹಾವು ಸತ್ತಿತ್ತು, ಎಲ್ಲಾರಿಗೂ ಗೊತ್ತೈತಿ. ಅದನ್ನ ನಮ್ಮ ಸೊಸಿ ಕೊಂದಿಲ್ಲ. ನಾ ಕೊಂದೀನಿ.”

 ಮುಂದಿದ್ದ ಒಬ್ಬ ಹಿರಿಯರಿಗೆ ಗಾಬರಿಯಾಯಿತು. ಕಾಲು ಮುಟ್ಟಿಸಿಕೊಂಡವರು ಹೀಗೆಲ್ಲ ಮಾತಾಡಿದರೆ ಮುಟ್ಟಿದವರ ಗತಿ ಏನು? ಅವರು ಮೃದುವಾಗಿ, “ಆಯಿ, ಅಷ್ಟೆಲ್ಲಾ ಯಾಕ್ರಿ? ‘ತಪ್ಪಾಗಿದ್ರ’ ಅನ್ರಿ ಸಾಕು. ಎಲ್ಲಾರೂ ಹಂಗ ಅಂತೀವಿ” ಎಂದರು.

“ತಪ್ಪು ಆಗಿಲ್ಲಪಾ” ಎಂದರು ಆಯಿ. “ನಾ ಮಾಡೀನಿ. ಒಂದಲ್ಲ, ಎರಡ ಮಾಡೀನಿ. ಹಾವಿನ ಹತ್ತರ ಕ್ಷಮಾ ಕೇಳಾಕ ಬರೂದಿಲ್ಲ. ಸೊಸಿ ಮ್ಯಾಲೆ ಹಾಕಿ ಬಾಯಿ ಮುಚ್ಚಿಕೊಂಡ ಕುಂತೆನಲ್ಲ, ಅದಕ್ಕ ಕೇಳತೀನಿ.”

ಅವರು ಬಾಗಿಲ ಕಡೆ ನೋಡಿದರು. ಆಗ ನಾವೂ ನೋಡಿದೆವು. ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಸುರೇಖಾ ನಿಂತಿದ್ದಳು, ಅವಳ ಹಿಂದೆ ಪಾರಿಸ. ನಿಪ್ಪಾಣಿಗೆ ನಾವು ಹೋಗಿಬಂದ ಸುದ್ದಿ ತಿಳಿದು, ನಡೆದದ್ದನ್ನೂ ಬಸ್ತಿಯಲ್ಲಿ ಹೇಳಲಿರುವುದನ್ನೂ ತಾಯಿಯ ಬಾಯಿಂದಲೇ ಕೇಳಿ, ಹಿಂದಿನ ದಿನ ತಾನೇ ಹೋಗಿ ಅವಳನ್ನು ಕರೆತಂದಿದ್ದ. ಜೀವನದಲ್ಲಿ ಮೊದಲ ಸಲ ಒಂದು ಕೆಲಸ ಮಾಡಿದ್ದ. ಆಮೇಲೆ ನಾನು ಕೇಳಿದಾಗ, “ಹೋಗೂಣಾತು, ಕರಕೊಂಡ ಬರೂಣಾತು” ಎಂದು ಅದನ್ನೂ ಆಗಿಹೋದದ್ದರ ಲೆಕ್ಕಕ್ಕೇ ಸೇರಿಸಿದ.

ಆಯಿ ಹತ್ತಿರ ಬಂದು ಸೊಸೆಗೆ ಕೈಮುಗಿದರು. ಸುರೇಖಾ ಆ ಕೈಗಳನ್ನು ಬಿಡಿಸಲಿಲ್ಲ, ಸಿನಿಮಾದಲ್ಲಿ ಮಾಡುವಂತೆ ತಬ್ಬಿಕೊಳ್ಳಲೂ ಇಲ್ಲ. ಮಗಳನ್ನು ಕೆಳಗಿಳಿಸಿ, “ಆಯಿಗೆ ನಮಸ್ಕಾರ ಮಾಡು” ಎಂದಳು ಅಷ್ಟೇ. ಓಣಿಯವರು ಕೆಲವರು ಬಂದು, ಆಗಿದ್ದು ಆಗಿಹೋಯಿತು ಎಂದು ಅವಳಿಗೆ ಸಮಾಧಾನ ಹೇಳಿದರು. ಅವಳ ಕೈಯ ನೀರು ಬೇಡವೆಂದವರೂ ಅವರೇ.

ನನ್ನ ಎಂ.ಫಿಲ್. ಏನಾಯಿತು ಎಂದು ಕೇಳುತ್ತೀರೇನೋ. ಆಯಿಯ ವಾಕ್ಯವನ್ನು ನಾನು ಗೈಡ್‌ಗೆ ಕೊಡಲಿಲ್ಲ. ‘ಮಾತುಗಾರರು ಸಹಕರಿಸಲಿಲ್ಲ’ ಎಂದು ಬರೆದು, ಕಬ್ಬು ಕಡಿದದ್ದರ ಮೇಲೆಯೇ ಅಧ್ಯಾಯ ಮುಗಿಸಿದೆ. ಒಂದು ವರ್ಷ ತಡವಾಗಿ ಪದವಿ ಬಂತು. ಕಾಯಂ ಆಗಲಿಲ್ಲ. ಕರ್ತೃವಿನ ವ್ಯಾಖ್ಯೆ ಗೈಡ್ ಸಾಹೇಬರಿಗೂ ಕೊನೆಯವರೆಗೆ ಸಿಗಲಿಲ್ಲ. ನಿವೃತ್ತಿಯ ದಿನ ಪಟ್ಟಿಗೆ ಇನ್ನೆರಡು ಲಕ್ಷಣ ಸೇರಿಸಿದರೆಂದು ಕೇಳಿದೆ.

ಬಸ್ತಿಯ ಪಂಡಿತರು ಆಯಿಗೆ ಪ್ರಾಯಶ್ಚಿತ್ತವೆಂದು ಕೆಲವು ಉಪವಾಸಗಳನ್ನು ಹೇಳಿದ್ದರು. ಮೊದಲನೆಯದು ಕ್ಷಮಾವಾಣಿಯ ಮರುದಿನವೇ. ಅದರ ಮರುದಿನ ಬೆಳಿಗ್ಗೆ ನಾನು ಅಥಣಿಯ ಬಸ್ಸು ಹಿಡಿಯುವ ಮೊದಲು ಹೇಳಿಹೋಗಲು ಅವರ ಮನೆಗೆ ಹೋದೆ. ಉಪವಾಸ ಬಿಡುವ ಹೊತ್ತು. ಆಯಿ ಗೋಡೆಗೊರಗಿ ಕೂತಿದ್ದರು, ಮುಖ ಬಾಡಿತ್ತು. ಪಾರಿಸ ಮಗಳಿಗೆ ದ್ರಾಕ್ಷಿಬಳ್ಳಿ ತೋರಿಸಲು ತೋಟಕ್ಕೆ ಕರೆದೊಯ್ದಿದ್ದ. ಸುರೇಖಾ ಒಳಗಿನಿಂದ ಕಾಯಿಸಿದ ನೀರಿನ ಲೋಟ ಮತ್ತು ಹೆಸರುಬೇಳೆಯ ಗಂಜಿ ತಂದು ಅವರ ಮುಂದೆ ಇಟ್ಟಳು.

ಆಯಿ ಲೋಟಕ್ಕೆ ಕೈ ಹಾಕಲಿಲ್ಲ. “ಎಷ್ಟ ದಿನಾ ಇರ್ತೀ?” ಎಂದರು.

“ನೋಡಬೇಕ್ರಿ.”

“ಯಾರ ನೋಡಬೇಕು?”

ಸುರೇಖಾ ಅತ್ತೆಯ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎದುರಿಗೆ ನೆಲದ ಮೇಲೆ ಕೂತುಕೊಂಡಳು.

“ನಾ ನೋಡತೀನ್ರಿ” ಎಂದಳು. “ನೀವು ನೀರ ಕುಡೀರಿ.”

ಆಯಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದರು.